ಜೆರಿಕೊ ದಾರಿಯೂ ಅಂಗೈಯ ಪರದೆಯೂ: ‘ಸಂಪೂರ್ಣ ಉಪಸ್ಥಿತಿಯತ್ತ’ ಕುರಿತು

ಮಾಧ್ಯಮಗಳ ಬಗ್ಗೆ ಧರ್ಮಸಭೆಯು ಮಾತನಾಡತೊಡಗಿದ್ದು ನಿನ್ನೆ ಮೊನ್ನೆಯಲ್ಲ. 1936ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಚಲನಚಿತ್ರಗಳನ್ನು ಕುರಿತು ‘ವಿಜಿಲಾಂತಿ ಕೂರಾ’ ವಿಶ್ವಪತ್ರವನ್ನು ಹೊರಡಿಸಿದಾಗ, ವಿಶ್ವಾಸಿಗಳು ಯಾವುದನ್ನು ನೋಡಬಹುದು, ಯಾವುದನ್ನು ನೋಡಬಾರದು ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. 1963ರ ‘ಇಂಟರ್ ಮಿರಿಫಿಕಾ’ ಮಾಧ್ಯಮಗಳನ್ನು ಸ್ವಾಗತಿಸಿತಾದರೂ ಆಯ್ಕೆಯ ಪ್ರಶ್ನೆಯನ್ನು ಕೈಬಿಡಲಿಲ್ಲ. 2023ರ ಮೇ 28, ಪೆಂತೆಕೋಸ್ತ್ ಹಬ್ಬದ ದಿನಾಂಕ ಹೊತ್ತು ವ್ಯಾಟಿಕನ್ನಿನ ಸಂವಹನ ಇಲಾಖೆಯಿಂದ ಬಂದ ‘ಸಂಪೂರ್ಣ ಉಪಸ್ಥಿತಿಯತ್ತ’ ಎಂಬ ಪಾಲನಾ ಚಿಂತನೆಯಾದರೋ ಬೇರೆ ಬಾಗಿಲನ್ನು ತಟ್ಟುತ್ತದೆ. ಜಾಲತಾಣಗಳಿಗೆ ಹೋಗಬೇಕೇ ಬೇಡವೇ ಎಂಬ ಚರ್ಚೆ ಮುಗಿದಿದೆ. ಅಲ್ಲಿ ನಾವು ಯಾರಿಗೆ ನೆರೆಯವರಾಗುತ್ತೇವೆ ಎಂಬುದೇ ಈಗಿನ ಪ್ರಶ್ನೆ ಎಂದು ಅದು ಲೂಕನ ಶುಭಸಂದೇಶದ ದಯಾಳು ಸಮಾರಿಯದವನ ಸಾಮತಿಯನ್ನು ಮುಂದಿಡುತ್ತದೆ.

ಈ ತಿರುವು ದೊಡ್ಡ ಲಾಭವೇ ಸರಿ. ಯುವಜನರಿಗೆ ನಾವು ಕೊಡುತ್ತ ಬಂದ ಉಪದೇಶವೆಲ್ಲ ಬಹುಪಾಲು ನಿಷೇಧಗಳ ಪಟ್ಟಿ. ಪಟ್ಟಿಯನ್ನು ಅವರು ತಲೆಯಾಡಿಸಿ ಕೇಳುತ್ತಾರೆ, ಹೊರಗೆ ಹೋಗಿ ಮರೆಯುತ್ತಾರೆ. ನೆರೆಯವನು ಯಾರು ಎಂಬ ಪ್ರಶ್ನೆಯನ್ನು ಹಾಗೆ ಮರೆಯುವುದು ಕಷ್ಟ.

ಆದರೆ ಸಾಮತಿಯನ್ನು ಪರದೆಯ ಮೇಲೆ ತಂದಿಡುವಾಗ ಒಂದು ತೊಡಕು ಉಳಿಯುತ್ತದೆ. ಜೆರುಸಲೇಮಿನಿಂದ ಜೆರಿಕೊಗೆ ಇಳಿಯುವ ದಾರಿ ಎಲ್ಲರ ದಾರಿ. ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡರು, ಕಂಡೂ ಆಚೆ ಹಾದುಹೋದರು. ಅವರ ತಪ್ಪು ಇರುವುದು ಆ ಕಂಡದ್ದರಲ್ಲೇ. ಇನ್‌ಸ್ಟಾಗ್ರಾಮ್ ಅಥವಾ ಯೂಟ್ಯೂಬ್‌ನ ದಾರಿಯಲ್ಲಿ ಯಾವ ಗಾಯಾಳು ಕಣ್ಣಿಗೆ ಬೀಳಬೇಕು ಎಂಬುದನ್ನು ಬಹುಮಟ್ಟಿಗೆ ಬೇರೊಂದು ಲೆಕ್ಕಾಚಾರ ಮೊದಲೇ ನಿರ್ಧರಿಸಿರುತ್ತದೆ. ಆ ಲೆಕ್ಕಾಚಾರಕ್ಕೆ ಬೇಕಾದದ್ದು ನೋಡುವವನ ಕಣ್ಣು ಕದಲದಿರುವುದಷ್ಟೆ. ನಮ್ಮ ಕೋಪಕ್ಕೆ ಒಪ್ಪುವ ಗಾಯಾಳು ಹತ್ತು ಸಲ ಕಾಣಿಸುತ್ತಾನೆ. ಒಪ್ಪದವನು ದಾರಿಯಲ್ಲೇ ಇರುವುದಿಲ್ಲ. ಬಳಕೆದಾರನೇ ಸರಕಾಗುತ್ತಾನೆ, ಸಮಾನಮನಸ್ಕರ ಗುಂಪುಗಳೊಳಗೆ ಸಿಲುಕುತ್ತಾನೆ ಎಂಬುದನ್ನು ದಸ್ತಾವೇಜು ಬಲ್ಲದು, ಸ್ಪಷ್ಟವಾಗಿ ಹೇಳಿಯೂ ಇದೆ. ಆದರೆ ಆ ಅರಿವನ್ನು ಸಾಮತಿಯ ಓದಿಗೆ ಸಾಕಷ್ಟು ಮರಳಿ ತಂದಿಲ್ಲವೆಂದು ನಮಗೆ ತೋರುತ್ತದೆ. ಆದ್ದರಿಂದಲೇ ಅದರ ಬೋಧನೆ ಹೆಚ್ಚಾಗಿ ಒಬ್ಬ ವ್ಯಕ್ತಿಯ ಹೃದಯಕ್ಕೆ ಕೊಟ್ಟ ಕರೆಯಾಗಿ ಕೇಳಿಸುತ್ತದೆ: ಗಮನವಿಟ್ಟು ಆಲಿಸು, ಮೌನವಾಗಿರು, ಯೋಚಿಸಿ ಹಂಚಿಕೋ. ಹದಿನೆಂಟರ ಹುಡುಗನೊಬ್ಬ, ಅವನನ್ನು ಹಿಡಿದಿಡಲೆಂದೇ ಕಟ್ಟಿದ ಯಂತ್ರದೆದುರು, ಏಕಾಕಿ.

ವಿವೇಚನೆ ಎಂದೊಡನೆ ಕನ್ನಡದ ಮನಸ್ಸಿಗೆ ಬರುವುದು ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸ. ಚೆಲುವಾದ ಪ್ರತಿಮೆ, ಆದರೆ ಅದು ಒಂಟಿ ಹಕ್ಕಿ. ಥೆಸಲೋನಿಯರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಪೌಲನು ಎಲ್ಲವನ್ನೂ ಪರೀಕ್ಷಿಸಿ ನೋಡುವಂತೆ ಹೇಳುವಾಗ ಗ್ರೀಕ್ ಕ್ರಿಯಾಪದ ಬಹುವಚನದಲ್ಲಿದೆ. ಕನ್ನಡದಲ್ಲಿ ಅದು ಬರೀ ಗೌರವದ ಮಾತಾಗಿ ಕಿವಿಯಿಂದ ಜಾರಿಬಿಡುತ್ತದೆ. ಪೌಲನು ಮಾತನಾಡುತ್ತಿರುವುದು ಒಂದು ಸಭೆಯೊಡನೆ. ಪವಿತ್ರಾತ್ಮರನ್ನು ನಂದಿಸದಿರುವುದೂ ಪರೀಕ್ಷಿಸುವುದೂ ಆ ಸಭೆಯ ಕೂಡುಕೆಲಸ.

ಸಂತ ಇಗ್ನಾಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥವೂ ಇದೇ ನೆಲೆಯದು. ಸಾಧಕನ ಜೊತೆಗೆ ಸಾಧನೆಗಳನ್ನು ಕೊಡುವವನೊಬ್ಬನಿದ್ದಾನೆ ಎಂಬುದು ಅದರ ಮೊದಲ ಪುಟಗಳಿಂದಲೇ ಗೃಹೀತ. ಮೊದಲ ವಾರದ ಹದಿಮೂರನೆಯ ನಿಯಮ ನಮ್ಮ ವಿಷಯಕ್ಕೆ ನೇರವಾಗಿ ತಾಕುತ್ತದೆ. ಶತ್ರುವು ಕಪಟ ಪ್ರಣಯಿಯಂತೆ. ಎಲ್ಲವೂ ಗುಟ್ಟಾಗಿರಬೇಕೆಂಬುದೇ ಅವನ ಆಸೆ. ಒಳ್ಳೆಯ ಗುರುವಿನ ಮುಂದೆ ವಿಷಯ ಬಯಲಾದೊಡನೆ ಅವನ ಆಟ ಕೆಡುತ್ತದೆ. ಹದಿನಾರನೆಯ ಶತಮಾನದ ಈ ಮಾತು ಗುಪ್ತಸಂಖ್ಯೆಯ ಬೀಗ ಹಾಕಿದ ಫೋನಿಗೆ ಇಷ್ಟು ಸರಿಯಾಗಿ ಒಪ್ಪುವುದು ಆಶ್ಚರ್ಯವೇ.

ಹಾಗಿರಲು ಯುವಕನು ಯಾರ ಮುಂದೆ ಬಯಲುಮಾಡಬೇಕು? ಇಲ್ಲಿ ದಸ್ತಾವೇಜಿನ ಮೇಲಿನ ಟೀಕೆ ನಮ್ಮ ಮೇಲೆಯೂ ತಿರುಗುತ್ತದೆ. ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಮೂಲ ತಿಳಿಯದ ‘ದರ್ಶನ’ಗಳನ್ನೂ ಭಯದ ಸುದ್ದಿಗಳನ್ನೂ ಹಂಚುವವರಲ್ಲಿ ಗುರುಗಳೂ ಇದ್ದಾರೆ, ಅವರ ಬಳಿಗೆ ಹೋಗಿ ವಿವೇಚನೆಯನ್ನು ಕೇಳುವವರು ಕಡಿಮೆ. ಗುರುಮಠದೊಳಗೂ ಆಧ್ಯಾತ್ಮಿಕ ಮಾರ್ಗದರ್ಶನದ ವೇಳೆ ಪ್ರಾರ್ಥನೆಯನ್ನೂ ದೈವಕರೆಯನ್ನೂ ವಿಚಾರಿಸುತ್ತೇವೆ. ನಿನ್ನೆ ರಾತ್ರಿ ಮಲಗುವ ಮುನ್ನ ಒಂದು ಗಂಟೆ ಏನನ್ನು ನೋಡಿದೆ, ನೋಡಿದ ಮೇಲೆ ಮನಸ್ಸು ಎತ್ತ ವಾಲಿತು ಎಂದು ಕೇಳುವುದು ವಿರಳ. ಸಾಂತ್ವನ, ಶುಷ್ಕತೆ ಎಂಬ ಇಗ್ನಾಷಿಯಸರ ಪದಗಳು ಇಂಥ ಪ್ರಶ್ನೆಗಾಗಿಯೇ ಇವೆ.

ಸಾಮತಿಯಲ್ಲಿಯೇ ಇದಕ್ಕೊಂದು ಸೂಚನೆಯಿದೆ. ಸಮಾರಿಯದವನು ಎಲ್ಲವನ್ನೂ ತಾನೊಬ್ಬನೇ ಮಾಡಲಿಲ್ಲ. ಗಾಯಾಳುವನ್ನು ಛತ್ರಕ್ಕೆ ಒಯ್ದ, ಎರಡು ದೆನಾರಿ ಕೊಟ್ಟು ಛತ್ರದವನಿಗೆ ಒಪ್ಪಿಸಿದ, ಮರಳಿ ಬರುವೆನೆಂದ. ‘ಸಂಪೂರ್ಣ ಉಪಸ್ಥಿತಿಯತ್ತ’ ದಸ್ತಾವೇಜನ್ನು ದೃಢೀಕರಣ ತರಗತಿಗಳಲ್ಲಿ ಓದಿಸುವವರು ಸಾಮತಿಯ ಈ ಕೊನೆಯ ಭಾಗವನ್ನೂ ಆ ಹದಿಮೂರನೆಯ ನಿಯಮವನ್ನೂ ಅದರ ಪಕ್ಕದಲ್ಲೇ ಇಟ್ಟುಕೊಂಡು ಓದಿಸಲಿ. ಓದಾದ ಬಳಿಕ ಕೋಣೆಯ ಬಾಗಿಲನ್ನು ಒಂದಿಷ್ಟು ಹೊತ್ತು ತೆರೆದಿಡಲಿ.