ಜರ್ಮನಿಯ ನಾಮಭೇದಗಳು: ಒಂದು ವಿಮರ್ಶೆ

ಒಂದೇ ತಾಯಿಯಿಂದ ಹುಟ್ಟಿದ ಭಾಷೆಗಳು ಒಂದು ದೇಶವನ್ನು ಒಂದೇ ಹೆಸರಿನಿಂದ ಕರೆಯುವುವೆಂದು ಭಾವಿಸುವುದು ಸಹಜ. ಆದರೆ ಲ್ಯಾಟಿನಿನ ಸಂತತಿಯ ಭಾಷೆಗಳಲ್ಲಿ ಜರ್ಮನಿಯ ಹೆಸರನ್ನು ಪರೀಕ್ಷಿಸಿದರೆ ಈ ಭಾವನೆ ನಿಲ್ಲತಕ್ಕುದಲ್ಲ. ಇಟಾಲಿಯನ್ನಿನಲ್ಲಿ ಅದು ‘ಜೆರ್ಮಾನಿಯ’, ಸ್ಪ್ಯಾನಿಷಿನಲ್ಲಿ ‘ಅಲೆಮಾನಿಯ’, ಫ್ರೆಂಚಿನ ‘ಅಲ್‌ಮಾಞ್’ ಎಂಬುದೂ ಪೋರ್ಚುಗೀಸಿನ ‘ಅಲೆಮಾಞ’ ಎಂಬುದೂ ಸ್ಪ್ಯಾನಿಷಿನ ರೂಪದ ಸೋದರಗಳು.

ಕ್ರಿ. ಪೂ. 1ನೆಯ ಶತಮಾನದಲ್ಲಿ ಸೀಸರನು ರೈನ್ ನದಿಯಾಚೆಯ ಜನರನ್ನು ‘ಗೆರ್ಮಾನಿ’ ಎಂದು ಕರೆದನು. ಲ್ಯಾಟಿನಿನಲ್ಲಿ ‘ಗೆರ್ಮಾನುಸ್’ ಎಂದರೆ ಒಡಹುಟ್ಟಿದವನು. ಈ ಸಾಮ್ಯವನ್ನು ಹಿಡಿದು ಗ್ರೀಕ್ ಭೂಗೋಳಕಾರನಾದ ಸ್ಟ್ರಾಬೋ, ಅವರು ಗಾಲರ ನಿಜಬಂಧುಗಳಾದುದರಿಂದ ರೋಮನರು ಹಾಗೆ ಹೆಸರಿಟ್ಟರೆಂದು ವಿವರಿಸಿದನು. ಈ ನಿರ್ವಚನವು ರಮ್ಯವಾದರೂ ಗ್ರಾಹ್ಯವಲ್ಲ. ಕ್ರಿ. ಶ. 98ರ ಸುಮಾರಿನ ‘ಗೆರ್ಮಾನಿಯ’ ಗ್ರಂಥದಲ್ಲಿ ಟಾಸಿಟಸನು, ಆ ಹೆಸರು ಈಚಿನದೆಂದೂ, ಮೊದಲು ಒಂದು ಕುಲಕ್ಕೆ ಮಾತ್ರ ಸಲ್ಲುತ್ತಿದ್ದು ಅನಂತರ ಸಮಸ್ತ ಜನಕ್ಕೂ ವ್ಯಾಪಿಸಿತೆಂದೂ ತಿಳಿಸುತ್ತಾನೆ. ಕುಲನಾಮಕ್ಕೆ ಲ್ಯಾಟಿನ್ ಧಾತುವನ್ನೇ ಕಲ್ಪಿಸಬೇಕೆಂಬ ನಿರ್ಬಂಧವಿಲ್ಲ. ಅದರ ಮೂಲವು ಇಂದಿಗೂ ವಿವಾದಗ್ರಸ್ತವೇ ಸರಿ.

‘ಅಲೆಮಾನಿಯ’ ಮೊದಲಾದುವುಗಳ ಬಗೆಯೂ ಇದೇ. ರೈನ್ ನದಿಯ ಮೇಲ್ಭಾಗದಲ್ಲಿ ಗಾಲ್ ದೇಶಕ್ಕೆ ನೆರೆಯವರಾಗಿದ್ದವರು ಅಲಮಾನ್ನರು. ಬಾಗಿಲಲ್ಲಿ ಕಂಡವರ ಹೆಸರೇ ಮನೆಮಂದಿಗೆಲ್ಲ ಸಂದಿತು.

ಇಟಾಲಿಯನ್ನಿನಲ್ಲಿ ದೇಶವು ‘ಜೆರ್ಮಾನಿಯ’ವಾದರೂ ಅಲ್ಲಿಯವನು ‘ತೆದೆಸ್ಕೊ’. ಇದು ಮಧ್ಯಯುಗದ ಲ್ಯಾಟಿನಿನ ‘ಥಿಯೋಡಿಸ್ಕುಸ್’ ಎಂಬುದರಿಂದ ಬಂದಿದೆ. ರೂಪ ಲ್ಯಾಟಿನ್, ಬೇರು ಜರ್ಮಾನಿಕ್, ಅರ್ಥ ‘ಜನರದು’. ಕ್ರಿ. ಶ. 786ರಲ್ಲಿ ಇಂಗ್ಲೆಂಡಿನ ಧರ್ಮಸಭೆಗಳ ವರದಿಯಲ್ಲಿ ಇದರ ಪ್ರಯೋಗವು ಲ್ಯಾಟಿನಿಗೆ ಇದಿರಾದ ಜನಭಾಷೆಯನ್ನು ಸೂಚಿಸುತ್ತದೆಯೇ ಹೊರತು ದೇಶವನ್ನಲ್ಲ. ರುಮೇನಿಯನ್ನಿನಲ್ಲಿಯೂ ದೇಶಕ್ಕೆ ‘ಜೆರ್ಮಾನಿಯ’ ಎಂಬುದುಂಟು. ಜನರಿಗೆ ರೂಢಿಯ ಮಾತು ‘ನ್ಯಾಮ್ತ್ಸ್’. ಇದು ಸ್ಲಾವ್ ಭಾಷೆಗಳಿಂದ ಬಂದುದು. ಮೂಲದಲ್ಲಿ ಮೂಕನೆಂದು, ಎಂದರೆ ತಿಳಿಯುವಂತೆ ಮಾತನಾಡಲಾರದವನೆಂದು, ಅರ್ಥ. ಸಂಸ್ಕೃತದಲ್ಲಿ ‘ಮ್ಲೇಚ್ಛ’ ಧಾತುವು ಅವ್ಯಕ್ತವಾದ ಶಬ್ದವನ್ನು ಹೇಳುವುದನ್ನು ಇಲ್ಲಿ ನೆನೆಯಬಹುದು.

ನಮ್ಮ ಶಾಸ್ತ್ರಕಾರರು ವ್ಯುತ್ಪತ್ತಿನಿಮಿತ್ತವನ್ನೂ ಪ್ರವೃತ್ತಿನಿಮಿತ್ತವನ್ನೂ ಬೇರ್ಪಡಿಸಿದುದರ ಔಚಿತ್ಯವು ಇಲ್ಲಿ ಸ್ಪಷ್ಟವಾಗುತ್ತದೆ. ಧಾತುವು ಪದದ ಜನ್ಮವನ್ನು ತಿಳಿಸೀತು. ಪದವು ಯಾರಿಗೆ ಏಕೆ ಸಂದಿತೆಂಬುದನ್ನು ನೆರೆಹೊರೆಯ ಚರಿತ್ರೆಯೇ ತಿಳಿಸಬೇಕು. ಹೆಸರಿನಿಂದ ಜನಾಂಗದ ಸ್ವಭಾವವನ್ನು ಊಹಿಸುವವರು ಹೆಸರಿಟ್ಟವರ ದೃಷ್ಟಿಯನ್ನೇ ವಸ್ತುಧರ್ಮವೆಂದು ಭ್ರಮಿಸುತ್ತಾರೆ.

ಕನ್ನಡದಲ್ಲಿಯೂ ಇದಕ್ಕೆ ನಿದರ್ಶನವುಂಟು. ಇಂಗ್ಲಿಷಿನ ಮೂಲಕ ಬಂದ ‘ಡಚ್ಚರು’ ಎಂಬ ಮಾತು ಜರ್ಮನರು ತಮ್ಮನ್ನು ಕರೆದುಕೊಳ್ಳುವ ‘ಡಾಯ್ಚ್’ ಎಂಬುದರೊಡನೆ ಏಕಮೂಲವುಳ್ಳದ್ದು. ಆದರೂ ಅದರಿಂದ ಬೋಧೆಯಾಗುವವರು ನೆದರ್ಲೆಂಡಿನವರು. ಧಾತುವನ್ನು ಮಾತ್ರ ನಂಬಿದವನು ಇಲ್ಲಿ ದೇಶವನ್ನೇ ತಪ್ಪುವನು.