ಮನೆ ಕೋವಿಯೇ ಸಾಕು

ಕೈಲ್ ಪೊಳ್ದ್ ಹಬ್ಬ ಬರುವ ಹೊತ್ತಿಗೆ ಗದ್ದೆಯ ನಾಟಿ ಮುಗಿದಿರುತ್ತದೆ, ಮಳೆಗಾಲವಿಡೀ ಮೂಲೆ ಹಿಡಿದಿದ್ದ ಕೋವಿ ಎಣ್ಣೆ ಕಂಡಿರುತ್ತದೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಪೂಜೆ, ನಳಿಗೆಯ ಬಾಯಲ್ಲಿ ತೋಕ್ ಪೂ ಎಂಬ ಹೂ, ಆಮೇಲೆ ಕಡಂಬುಟ್ಟು, ಪಂದಿಕರಿ. ಅದೂ ಆದ ಮೇಲೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಕೋವಿಗೆ ಉಳಿದ ಮರ್ಯಾದೆಯ ಬೇಟೆ ಇದೊಂದೇ.

ಈ ಸಲ ನಮ್ಮ ಪಕ್ಕದ ಊರಿನ ಹುಡುಗರು ನಿಯಮ ಬರೆದುಕೊಡಿ ಎಂದು ಬಂದರು. ಮೊದಲ ಸಾಲಿಗೇ ಜಗಳವಾಯಿತು. ಮನೆಯಲ್ಲಿರುವ ಕೋವಿಯನ್ನೇ ತರಬೇಕು, ಸ್ಕೋಪ್ ಕೂಡದು, ನಿಂತೇ ಹೊಡೆಯಬೇಕು ಎಂದು ಬರೆದಿದ್ದೆ. ದುಡ್ಡಿದ್ದವನು ಭಾರದ ನಳಿಗೆಯ ಸ್ಪರ್ಧಾ ರೈಫಲ್ ತಂದು ನಿಂತರೆ ಪೈಪೋಟಿ ಕೋವಿಗಳ ನಡುವೆ ನಡೆಯುತ್ತದೆ. ಊರವರು ಬರೀ ಚಪ್ಪಾಳೆಗೆ.

.22 ಒಂದು ವಿಭಾಗ, ತೋಟಾಕೋವಿ ಇನ್ನೊಂದು. ಹನ್ನೆರಡು ಬೋರಿಗೆ ಒಂಟಿ ಗುಂಡೇ ಆಗಬೇಕು. ಚರೆ ಹೊಡೆದು ಒಂದು ಕಾಳು ತಗುಲಿದ್ದಕ್ಕೆ ಬೀಗುವವನನ್ನು ಗುರಿಕಾರ ಎನ್ನಲಾರೆ. ಈಶಾಪುರ ಕಾರ್ಖಾನೆಯ .315 ರೈಫಲ್ ತರುವ ಹಿರಿಯರೂ ಇದ್ದಾರೆ. ಸೇನೆಯ .303 ತೋಟಾ ಸಾಮಾನ್ಯರ ಕೈಗೆ ಸಿಗಬಾರದೆಂಬ ಬ್ರಿಟಿಷರ ಅಂಜಿಕೆಯಿಂದ ಚಲಾವಣೆಗೆ ಬಂದ ಅಳತೆ ಅದು. ಭುಜಕ್ಕೆ ಒದೆಯುವುದರಲ್ಲಿ ಮಾತ್ರ ಯಾವ ಅಂಜಿಕೆಯೂ ಇಲ್ಲ. ಅದಕ್ಕೆ ಬೇರೆ ಸರದಿ ಕೊಟ್ಟೆ.

ಸುಲಿದ ಕಾಯಿಯ ಅಡ್ಡಗಲ ಸುಮಾರು ಹತ್ತು ಸೆಂಟಿಮೀಟರ್. ಐವತ್ತು ಮೀಟರಿಗೆ ಇಟ್ಟರೆ, ಒಂದು ಮೀಟರ್ ಆಚೆಯ ರಾಗಿಕಾಳಿನಷ್ಟೇ ಕಾಣುತ್ತದೆ. ಇನ್ನು .22ರ ಗುಂಡಿಗೆ ಕಾಯಿ ಹೋಳಾಗಲೇಬೇಕೆಂದಿಲ್ಲ. ಎಷ್ಟೋ ಸಲ ತೂತು ಬಿದ್ದು ಸುಮ್ಮನಾಗುತ್ತದೆ. ಒಡೆಯಬೇಕೇ, ತೂತಾದರೆ ಸಾಕೇ? ಚಿಪ್ಪು ಸವರಿ ಹೋದರೆ? ಸ್ಪರ್ಧೆಗಳು ಕೆಡುವುದು ಇಲ್ಲೇ. ನೀರು ಹನಿಕಿದರೆ ಹೊಡೆದಂತೆ, ಹನಿಕದಿದ್ದರೆ ಇಲ್ಲ ಎಂದು ಬರೆದೆ. ಕಾಯಿ ಸುಳ್ಳು ಹೇಳುವುದಿಲ್ಲ, ತೀರ್ಪುಗಾರನ ಅಳಿಯ ಯಾರೆಂದೂ ಕೇಳುವುದಿಲ್ಲ.

ಹಿಂದೆ ಮರದ ತುದಿಯ ಕಾಯಿಗೇ ಗುರಿ ಇಡುತ್ತಿದ್ದರು. ನೋಡಲು ಚೆಂದ, ನಾನು ಒಪ್ಪಲಾರೆ. .22ರ ಪುಟ್ಟ ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಮೇಲಕ್ಕೆ ಹಾರಿದ್ದು ಯಾರ ತೋಟದಲ್ಲಿ, ಯಾರ ತಲೆಯ ಮೇಲೆ ಇಳಿಯುತ್ತದೋ ಬಲ್ಲವರಾರು? ಕಾಯಿಯ ಹಿಂದೆ ಕಲ್ಲಿಲ್ಲದ ಎತ್ತರದ ಮಣ್ಣಿನ ಬರೆ ಇರಲೇಬೇಕು. ಜಾಗ ಹುಡುಕುವಾಗ ಬರೆಯನ್ನು ಮೊದಲು ನೋಡಿ, ಪೆಂಡಾಲನ್ನು ಆಮೇಲೆ.

ಪೊಲೀಸರಿಗೆ ಮೊದಲೇ ತಿಳಿಸಿ. ಕೊಡವರಿಗೆ, ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಕೋವಿ ಪರವಾನಗಿಯ ವಿನಾಯಿತಿ 2029ರವರೆಗೆ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದೂ ಇದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು. ಮನಬಂದಲ್ಲಿ ಈಡು ಹೊಡೆಯಲು ಅಲ್ಲ.

ಒಬ್ಬ ನಿಷ್ಠುರಿಯನ್ನು ಹಿಡಿದು ಕೈಗೆ ಕೆಂಪು ಬಾವುಟ ಕೊಡಿ. ಅವನು ಹೇಳುವವರೆಗೆ ಬೋಲ್ಟ್ ತೆರೆದೇ ಇರಬೇಕು, ತೋಟಾಕೋವಿ ಮುರಿದೇ ಇರಬೇಕು, ಬೆರಳು ಕುದುರೆಯ ಹತ್ತಿರ ಸುಳಿಯಬಾರದು. "ತೋಟಾ ಹಾಕಿಲ್ಲ ಬಿಡಿ ಅಣ್ಣಾ" ಎಂದವನಿಗೆ ಆ ದಿನ ಪ್ರೇಕ್ಷಕರ ಕುರ್ಚಿ. ಹಾಗೆ ಕೂರಿಸಿದವರಲ್ಲಿ ನಮ್ಮ ಬಾವನೂ ಒಬ್ಬರು. ಹಬ್ಬ ಮುಗಿಯುವವರೆಗೆ ನನ್ನ ಜತೆ ಮಾತಿಲ್ಲ.

ಪ್ರತಿಯೊಬ್ಬರಿಗೂ ಕಾಗದದ ಮೇಲೆ ಎರಡು ಪರೀಕ್ಷಾ ಗುಂಡು ಬಿಡಿ. ತೋಟಾದ ಪೆಟ್ಟಿಗೆ ಬದಲಾದರೆ ಅದೇ ಕೋವಿಯ ಗುಂಡು ಬೇರೆ ಕಡೆ ಬೀಳುತ್ತದೆ; ಅಜ್ಜನ ಕೋವಿ ಎಡಕ್ಕೆ ಎಳೆಯುತ್ತದೆ ಎಂಬ ದೂರು ಅಲ್ಲೇ ಇತ್ಯರ್ಥವಾಗಲಿ. ಸರಿಸಮ ಬಂದರೆ ಕಾಯಿ ತೆಗೆದು ನಿಂಬೆಹಣ್ಣು ಇಡಿ. ಕಳೆದ ವರ್ಷ ಆ ನಿಂಬೆ ಹಾರಿಸಿದ್ದು ಒಬ್ಬ ಅಜ್ಜಿ.

ಇನ್ನು ಒಡೆದ ಕಾಯಿಗಳನ್ನು ಚಟ್ನಿಗೆಂದು ಆರಿಸಿಕೊಂಡು ಹೋಗುವ ಜಾಣರಿದ್ದಾರೆ. ಸೀಸ ಹೊಕ್ಕ ಕಾಯಿ ಅದು, ಹಂದಿಗೂ ಹಾಕಬೇಡಿ.