‘ಪುಣ್ಯಾರ್ಥ’ ಅಂತ ಬರೆದು ಮುಗಿಸಬಹುದೇ? ದಾನಶಾಸನಗಳನ್ನು ಓದುವ ನಮ್ಮ ರೂಢಿಯ ಬಗ್ಗೆ

ಹೋದ ಬೇಸಿಗೆಯಲ್ಲಿ ಚೌಳಹಿರಿಯೂರಿನ ಒಂದು ದೇವಸ್ಥಾನದ ಜಗಲಿ ಮೇಲೆ ಕೂತಿದ್ದೆ. ಕಡೂರು ಸೀಮೆಯ ಕಲ್ಲುಗಳನ್ನು ನೋಡ್ತಾ ಹೊರಟವನು ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ನಿಂತಿದ್ದೆ. ಕೈಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟದ ಜೆರಾಕ್ಸ್ ಹಾಳೆಗಳಿದ್ದವು. ಬಿ.ಎಲ್. ರೈಸ್ 1901ರಲ್ಲಿ ಹೊರತಂದದ್ದು, ಆಗಿನ ಕಡೂರು ಜಿಲ್ಲೆಯ ಶಾಸನಗಳು. ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ಹಾಳೆಗಳನ್ನೇ ನೋಡ್ತಿದ್ದರು.

“ಏನ್ ಸ್ವಾಮಿ ಅದು, ಜಮೀನಿನ ಪತ್ರಾನಾ?”

“ಒಂಥರಾ ಹಂಗೇ ಯಜಮಾನ್ರೇ. ಹಳೇ ಕಾಲದಲ್ಲಿ ದೇವ್ರಿಗೆ ದಾನ ಕೊಟ್ಟಿದ್ದು, ಕಲ್ಲಲ್ಲಿ ಬರ್ಸಿದ್ದು.”

“ಯಾಕ್ ಕೊಟ್ರಂತೆ?”

“ಪುಣ್ಯಕ್ಕೆ.”

ಅವರು ನಕ್ಕು, ತಲೆ ಮೇಲೆ ತಿರುಗ್ತಿದ್ದ ಫ್ಯಾನ್ ತೋರಿಸಿದರು. ಅದರ ರೆಕ್ಕೆ ಮೇಲೆ ಕೆಂಪು ಬಣ್ಣದಲ್ಲಿ ‘ಜ್ಞಾಪಕಾರ್ಥ’ ಅಂತ ಬರೆದು ಒಂದು ಹೆಸರು ಇತ್ತು. “ಅದು ನಾನು ಕೊಡ್ಸಿದ್ದು. ನಮ್ಮಪ್ಪನ ಹೆಸ್ರು. ಕೊನೇ ಎರಡು ವರ್ಷ ದಿನಾ ಇಲ್ಲೇ ಬಂದು ಕೂರ್ತಿದ್ದ, ಸೆಕೆ ಸೆಕೆ ಅಂತಿದ್ದ. ಅವನಿದ್ದಾಗ ಕೊಡ್ಸಕ್ಕಾಗ್ಲಿಲ್ಲ. ಪುಣ್ಯ ಗಿಣ್ಯ ನಂಗೊತ್ತಿಲ್ಲ.”

ಆವತ್ತಿಂದ ನನಗೆ ಒಂದು ಕಸಿವಿಸಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನಾನೇ ಮಾಡಿಟ್ಟಿದ್ದ ಶಾಸನಗಳ ಪಟ್ಟಿ ತೆಗೆದೆ. ಕಾಲ, ಸ್ಥಳ, ಅರಸ, ದಾನಿ, ದತ್ತಿ, ಆಮೇಲೆ ‘ಉದ್ದೇಶ’ ಅನ್ನೋ ಒಂದು ಅಂಕಣ. ಆ ಅಂಕಣದಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಮಾತು: ಪುಣ್ಯಾರ್ಥ, ಪುಣ್ಯಾರ್ಥ, ಪುಣ್ಯಾರ್ಥ. ನಿನ್ನೆ ಮೊನ್ನೆ ಫ್ಯಾನ್ ಕೊಡಿಸಿದವರ ಮನಸ್ಸು ತಿಳಿಯದ ನಾನು ಎಂಟುನೂರು ವರ್ಷದ ಹಿಂದಿನವರ ಮನಸ್ಸನ್ನು ಒಂದೇ ಪದದಲ್ಲಿ ಮುಗಿಸಿದ್ದೆ. ಆದ್ದರಿಂದ ಈ ಬರಹ ಮೊದಲು ನನ್ನದೇ ಓದಿನ ಮೇಲಿನ ಟೀಕೆ. ಆದರೆ ತಪ್ಪು ನನ್ನೊಬ್ಬನದೇ ಅಲ್ಲ ಅಂತಲೂ ಅನ್ನಿಸುತ್ತೆ.

ದಾನಶಾಸನದ ಕಟ್ಟು ನಿಮಗೆ ಗೊತ್ತೇ ಇದೆ. ಮೊದಲು ಸ್ತುತಿ, ಆಮೇಲೆ ಅರಸನ ಬಿರುದುಗಳು, ಶಕವರ್ಷ, ಸಂಕ್ರಮಣವೋ ಗ್ರಹಣವೋ ಒಂದು ಪುಣ್ಯಕಾಲ, ಗುರುವಿನ ಕಾಲು ತೊಳೆದು ಧಾರೆ ಎರೆದದ್ದು, ಅಂಗಭೋಗ ರಂಗಭೋಗಕ್ಕೆ ಮತ್ತು ಜೀರ್ಣೋದ್ಧಾರಕ್ಕೆ ಬಿಟ್ಟ ಭೂಮಿ, ಅದರ ಎಲ್ಲೆ, ಕೊನೆಗೆ ಶಾಪಾಶಯ. ಪುಣ್ಯದ ಮಾತು ಈ ಅಚ್ಚಿನ ಒಂದು ಭಾಗ. ಇವತ್ತಿನ ಲಗ್ನಪತ್ರಿಕೆಯಲ್ಲಿ ‘ತಮ್ಮ ಸುಖಾಗಮನಾಭಿಲಾಷಿಗಳು’ ಅಂತ ಇರುತ್ತಲ್ಲ, ಹಾಗೆ. ಸಾವಿರ ಪತ್ರಿಕೆ ಓದಿ ‘ಈ ಜನ ಅತಿಥಿಗಳಿಗಾಗಿ ಮದುವೆ ಮಾಡ್ತಿದ್ರು’ ಅಂತ ಯಾರಾದರೂ ತೀರ್ಮಾನಿಸಿದರೆ ನಾವು ನಗ್ತೀವಿ. ಹಾಗಂತ ಆ ಮಾತು ಸುಳ್ಳೂ ಅಲ್ಲ. ಅದು ಎಲ್ಲರಿಗೂ ಸಲ್ಲುವ ಮಾತು, ಅಷ್ಟೇ. ಎಲ್ಲರಿಗೂ ಸಲ್ಲುವ ಮಾತಿನಿಂದ ಒಬ್ಬನ ಮನಸ್ಸು ಗೊತ್ತಾಗೋದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ರೂಢಿ ಇದೆ, ಅದು ಸ್ವಲ್ಪ ಓದಿಕೊಂಡವರದ್ದು. ‘ದಾನ ಅಂದ್ರೆ ಅಧಿಕಾರವನ್ನು ಗಟ್ಟಿಮಾಡಿಕೊಳ್ಳುವ ಉಪಾಯ, ಉಳಿದದ್ದೆಲ್ಲ ಹೊದಿಕೆ’ ಅನ್ನೋದು. ಇದಕ್ಕೆ ಬಲವಾದ ಸಾಕ್ಷಿಗಳೂ ಸಿಗುತ್ತವೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವನ್ನೇ ತಗೊಳ್ಳಿ. ಕಳಚುರಿ ಬಿಜ್ಜಳನ ಕಾಲದ್ದು. ಚಾಲುಕ್ಯರ ಕೈಯಿಂದ ಅವನು ಅಧಿಕಾರ ಕಿತ್ತುಕೊಂಡು ಹೆಚ್ಚು ವರ್ಷ ಆಗಿರಲಿಲ್ಲ. ಅಂಥವನಿಗೆ ಬಳ್ಳಿಗಾವೆಯಂಥ ದೊಡ್ಡ ಪಟ್ಟಣದ ಮಠದ ಒಲವು ಬೇಕಿತ್ತು ಅನ್ನೋದು ನ್ಯಾಯವಾದ ಊಹೆ. ಆದರೆ ಅದೇ ಶಾಸನ ಆ ಮಠವನ್ನು ವರ್ಣಿಸುವ ರೀತಿ ನೋಡಿ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೀತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಊಟ ಸಿಗ್ತಿತ್ತು. ರೋಗಿಗಳಿಗೆ ಔಷಧೋಪಚಾರ ಇತ್ತು. ‘ರಾಜಕೀಯ’ ಅಂತ ಒಂದೇ ಪದ ಬರೆದರೆ ಆ ಊಟದ ಪಂಕ್ತಿ ನಮ್ಮ ಪಟ್ಟಿಯಿಂದ ಎದ್ದು ಹೋಗುತ್ತೆ. ‘ಪುಣ್ಯ’ ಅಂತ ಬರೆದರೆ ಬಿಜ್ಜಳನ ಲೆಕ್ಕಾಚಾರ ಎದ್ದು ಹೋಗುತ್ತೆ. ಎರಡೂ ಓದು ಸೋಮಾರಿ ಓದು. ಒಂದೇ ಕೈ ಎರಡು ಕಾರಣಕ್ಕೆ ಕೊಡೋದನ್ನ ನಾವು ದಿನಾ ನೋಡ್ತೀವಿ, ನಾವೇ ಮಾಡ್ತೀವಿ.

ಹಾಗಾದರೆ ದಾನಿಯ ಮನಸ್ಸು ಎಲ್ಲಿ ಸಿಗುತ್ತೆ? ಅಚ್ಚು ಎಲ್ಲಿ ಸಡಿಲವಾಗುತ್ತೋ ಅಲ್ಲಿ ಅನ್ನೋದು ನನ್ನ ವಾದ. ದಾನಿ ತಾನಾಗಿ ಆರಿಸಿಕೊಂಡದ್ದು ಏನು, ಅದನ್ನು ಹುಡುಕಬೇಕು. ಪುಣ್ಯ ಯಾರ ಹೆಸರಿಗೆ? ಕೊಟ್ಟ ವಸ್ತು ಏನು, ಅಳತೆ ಎಷ್ಟು? ದೇವರಿಗೆ ಇಟ್ಟ ಹೆಸರು ಯಾವುದು? ಕಾಯುವ ಭಾರ ಯಾರಿಗೆ?

ಮೊದಲನೆಯದಕ್ಕೆ ಬಾದಾಮಿಗೆ ಹೋಗೋಣ. ಮೂರನೇ ಗುಹೆಯ 578ರ ಸಂಸ್ಕೃತ ಶಾಸನ ಎಲ್ಲರಿಗೂ ಪರಿಚಿತ. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷದಲ್ಲಿ ಅವನ ತಮ್ಮ ಮಂಗಲೇಶ ಮಾಡಿಸಿದ ವಿಷ್ಣುವಿನ ಗುಹಾಲಯ ಅದು. ಅಲ್ಲಿ ಮಂಗಲೇಶ ಈ ಕೆಲಸದ ಪುಣ್ಯ ಪೂರ್ತಿ ಅಣ್ಣನಿಗೆ ಹೋಗಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ತನಗಿರಲಿ ಅನ್ನುತ್ತಾನೆ. ಇದು ಅಚ್ಚಿನ ಮಾತಲ್ಲ, ಒಬ್ಬ ತಮ್ಮ ಆರಿಸಿ ಆಡಿದ ಮಾತು. ಇಲ್ಲೇ ‘ರಾಜಕೀಯ’ದವರು ಅಡ್ಡ ಬರ್ತಾರೆ: ಇದೇ ಮಂಗಲೇಶ ಮುಂದೆ ಅಣ್ಣನ ಮಗ ಪುಲಕೇಶಿಯನ್ನು ಬಿಟ್ಟು ತನ್ನ ಮಗನಿಗೆ ರಾಜ್ಯ ಕೊಡಲು ಹೋಗಿ ಪ್ರಾಣ ಕಳೆದುಕೊಂಡ, 634ರ ಐಹೊಳೆ ಶಾಸನ ಅದನ್ನು ಹೇಳುತ್ತೆ, ಹಾಗಾಗಿ ಆ ಭ್ರಾತೃಪ್ರೇಮ ಬರೀ ನಾಟಕ ಅಂತ. ನಾನು ಒಪ್ಪೋದಿಲ್ಲ. ಐಹೊಳೆಯ ಪದ್ಯ ಗೆದ್ದ ಪುಲಕೇಶಿಯ ಕಡೆಯವರು ಬರೆಸಿದ್ದು, ಅದು ಒಂದು. ಅದು ಅಕ್ಷರಶಃ ನಿಜವೇ ಆದರೂ ಮುಂದಿನ ವರ್ಷಗಳ ಜಗಳವನ್ನು 578ರ ಮನಸ್ಸಿಗೆ ಹಿಂದಕ್ಕೆ ತಗಲುಹಾಕುವುದು ಸರಿಯಲ್ಲ. ಅಣ್ಣ ಇದ್ದಾಗ ಅಣ್ಣನನ್ನು ಪ್ರೀತಿಸಿದವನು, ಆಮೇಲೆ ಆಸ್ತಿ ವಿಷಯದಲ್ಲಿ ಅಣ್ಣನ ಮಗನ ಜೊತೆ ಕಾದಾಡಿದ್ದು ನಮ್ಮೂರುಗಳಲ್ಲಿ ಎಷ್ಟು ಮನೆ ಕಥೆ ಅಲ್ಲ?

ಇದೇ ದಾರಿಯಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಕತ್ತಲೆ ಬಸದಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ 1118ರ ಸುಮಾರಿಗೆ ಅದನ್ನು ಕಟ್ಟಿಸಿದ್ದು ತನ್ನ ತಾಯಿ ಪೋಚವ್ವೆಗಾಗಿ. ಗಂಗರಾಜನ ಯುದ್ಧಗಳು, ಬಿರುದುಗಳು ನಮಗೆ ಬಾಯಿಪಾಠ. ಆದರೆ ಆ ಬಸದಿಯೊಳಗೆ ನಿಂತಾಗ ನನಗೀಗ ಮೊದಲು ನೆನಪಾಗೋದು ಚೌಳಹಿರಿಯೂರಿನ ಫ್ಯಾನ್. ಶಕ್ತಿ ಇದ್ದವನು ಬಸದಿ ಕಟ್ಟಿಸಿದ, ಇಲ್ಲದವನು ಫ್ಯಾನ್ ಹಾಕಿಸಿದ.

ಮತ್ತೆ ನಮ್ಮ ಸೀಮೆಗೆ ಬರೋಣ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ದೇವಾಲಯ ಇದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ದೇವರ ಹೆಸರೂ ಅಮೃತೇಶ್ವರ, ಊರಿನ ಹೆಸರೂ ಅವನದೇ. ಶಾಸನ ಬರೆಯೋಕೆ ಕರೆಸಿದ್ದು ಸಾಮಾನ್ಯ ಕರಣಿಕನನ್ನಲ್ಲ, ಮುಂದೆ 1209ರಲ್ಲಿ ಯಶೋಧರ ಚರಿತೆ ಬರೆದ ಜನ್ನನನ್ನು. ಇಲ್ಲಿ ಕೀರ್ತಿಯ ಆಸೆ ಮುಚ್ಚುಮರೆಯಿಲ್ಲದೆ ಇದೆ. ದೇವರಿಗೆ ತನ್ನ ಹೆಸರು ಸೇರಿಸಿ ‘ಈಶ್ವರ’ ಅನ್ನೋದು ಆ ಕಾಲದ ವಾಡಿಕೆ. ಕೋರವಂಗಲದ ಬೂಚೇಶ್ವರವನ್ನು 1173ರಲ್ಲಿ ಕಟ್ಟಿಸಿದವನು ಬೂಚಿರಾಜ. ನಮ್ಮಲ್ಲಿ ಕೆಲವರು ಇದನ್ನು ಕಂಡು ಮೂಗು ಮುರೀತಾರೆ, ‘ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಬೇಕು’ ಅಂತ. ಆದರೆ ಹೆಸರು ಬೇಕು ಅಂತಲೇ ಅಮೃತೇಶ್ವರ ಒಳ್ಳೆಯ ಕಲ್ಲುಕುಟಿಗರನ್ನೂ ಒಳ್ಳೆಯ ಕವಿಯನ್ನೂ ಕರೆಸಿದ. ಕಡಿಮೆ ಆಸೆಯವನಾಗಿದ್ದರೆ ನಮಗೆ ಆ ಗುಡಿ ಹಾಗೆ ಸಿಗ್ತಿರಲಿಲ್ಲ.

ಇನ್ನು ಹೆಸರೂ ಇಲ್ಲದ ದಾನಿಗಳು. ದೊಡ್ಡ ದತ್ತಿ ಮುಗಿದ ಮೇಲೆ ಎಷ್ಟೋ ಶಾಸನಗಳ ಕೊನೆಯ ಸಾಲುಗಳಲ್ಲಿ ಇವರು ಬರ್ತಾರೆ. ತೆಲ್ಲಿಗರು ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ ನಂದಾದೀವಿಗೆಗೆ ಬಿಟ್ಟರು, ವೀಳ್ಯದೆಲೆ ಮಾರುವವರು ಹೇರಿಗೆ ಇಷ್ಟು ಎಲೆ ಬಿಟ್ಟರು ಅಂತ. ಇದನ್ನು ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಅರಸ ಆಗಲೇ ಒಂದು ಊರನ್ನೇ ದೇವರಿಗೆ ಬಿಟ್ಟಿದ್ದಾನೆ. ದೀಪ ಹೇಗೂ ಉರಿಯುತ್ತೆ. ಮತ್ತೆ ಇವರ ಒಂದು ಸೊಲ್ಲಗೆ ಎಣ್ಣೆ ಯಾಕೆ?

ಇದೇ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರ ಸುಮಾರಿಗೆ ಬೇರೆ ರೀತಿ ಕೇಳಿದ. ಜನ ಕೆಲಸ ಆಗಲಿ ಅಂತ ಮಾತ್ರ ಕೊಡೋದಾದರೆ, ಬೇರೆ ಯಾರಾದರೂ, ಉದಾಹರಣೆಗೆ ಸರ್ಕಾರ, ಅದಕ್ಕೆ ಹಣ ಕೊಟ್ಟ ಕೂಡಲೇ ಇವರು ಅಷ್ಟೇ ಮಟ್ಟಿಗೆ ಕೈ ಹಿಂದಕ್ಕೆ ತಗೋಬೇಕು. ಪೂರ್ತಿ ಹಾಗೆ ಆಗೋದಿಲ್ಲ. ಯಾಕಂದ್ರೆ ‘ನಾನೂ ಕೊಟ್ಟೆ’ ಅನ್ನೋದರಲ್ಲೇ ಒಂದು ಸುಖ ಇದೆ. ಅವನು ಅದಕ್ಕೆ ‘ವಾರ್ಮ್ ಗ್ಲೋ’ ಅಂದ. ಎದೆಯೊಳಗಿನ ಬಿಸುಪು ಅನ್ನಬಹುದು. ತೆಲ್ಲಿಗರ ಎಣ್ಣೆಗೆ ಈ ಮಾತು ಚೆನ್ನಾಗಿ ಒಪ್ಪುತ್ತೆ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಇದು ಒಬ್ಬೊಬ್ಬರ ದಾನವಲ್ಲ, ಕಸುಬಿನವರೆಲ್ಲ ಕೂತು ಒಪ್ಪಿಕೊಂಡದ್ದು. ‘ಎಲ್ಲ ಗಾಣದವರೂ ಕೊಡೋವಾಗ ನಮ್ಮ ಗಾಣದ್ದು ಇಲ್ಲ ಅಂದ್ರೆ ಹೇಗೆ’ ಅನ್ನೋ ಮರ್ಯಾದೆಯ ಪ್ರಶ್ನೆಯೂ ಆ ಎಣ್ಣೆಯಲ್ಲಿ ಬೆರೆತಿರಬೇಕು. ಊರ ಜಾತ್ರೆಗೆ ಮನೆ ಮನೆ ವಂತಿಗೆ ಎತ್ತೋದನ್ನ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊನೆಯದು ಶಾಪಾಶಯ. ನಾವು ಸಾಮಾನ್ಯವಾಗಿ ಓದದೆ ಬಿಡುವ ಭಾಗ, ‘ಮಾಮೂಲಿ ಶಾಪ’ ಅಂತ ಟಿಪ್ಪಣಿ ಹಾಕುವ ಭಾಗ. ಅದೂ ಅಚ್ಚೇ, ನಿಜ. ಆದರೆ ದಾನಿಗಳು ಇಷ್ಟು ಶತಮಾನ ಅದನ್ನು ಬಿಡದೆ ಕೆತ್ತಿಸಿದ್ದಾರೆ ಅಂದ್ರೆ ಅವರ ದೊಡ್ಡ ಭಯ ಅಲ್ಲಿದೆ. ಬಾದಾಮಿಯಲ್ಲೇ ಮಂಗಲೇಶನ ಇನ್ನೊಂದು ಪುಟ್ಟ ಕನ್ನಡ ಶಾಸನ ಇದೆ. ಅವನ ‘ಕಲ್ಮನೆ’ಗೆ ಬಿಟ್ಟ ದತ್ತಿಯಲ್ಲಿ ದೇವರಿಗೆ ಹೂಮಾಲೆ ಕಟ್ಟುವವರಿಗೆ ಪಾಲು. ಅದನ್ನು ಅಳಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳು ಅಂತ ಎಚ್ಚರಿಕೆ. ಹೂಮಾಲೆ ಕಟ್ಟುವವರ ಪಾಲಿಗೆ ಏಳನೇ ನರಕದ ಕಾವಲು! ಇನ್ನೂ ಎಷ್ಟೋ ಶಾಸನಗಳಲ್ಲಿ ಬರುವ ಒಂದು ಶ್ಲೋಕದ ಅರ್ಥ, ದಾನ ಮಾಡುವುದಕ್ಕಿಂತ ಇನ್ನೊಬ್ಬರ ದಾನವನ್ನು ಕಾಪಾಡುವುದು ಹೆಚ್ಚು ಅಂತ. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕೂ ಮೇಲಿನ ಪದ. ದಾನಿ ಇಲ್ಲಿ ತನ್ನ ಪುಣ್ಯಕ್ಕಿಂತ ದೊಡ್ಡ ಪುಣ್ಯವನ್ನು ಮುಂದಿನವರಿಗೆ ಬಿಟ್ಟುಕೊಡ್ತಿದ್ದಾನೆ, ತನ್ನ ಕೊಡುಗೆ ಉಳಿದರೆ ಸಾಕು ಅಂತ. ಅವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದು ಅದೇ ಅಂತ ನನಗೆ ಅನ್ನಿಸುತ್ತೆ.

ಆ ಮುಂದಿನವರು ನಾವು. ನಮ್ಮ ಪಾಲನೆ ಹೇಗಿದೆ? ಒಂದು ಊರಿನ ಹೆಸರು ಹೇಳದೆ ಹೇಳ್ತೀನಿ. ಜೀರ್ಣೋದ್ಧಾರ ಆದ ಗುಡಿಯೊಂದಕ್ಕೆ ಹೋಗಿದ್ದೆ. ಹತ್ತು ವರ್ಷದ ಹಿಂದೆ ನಾನೇ ಓದಿದ್ದ ಕಂಬದ ಶಾಸನದ ಮೇಲೆ ದಪ್ಪ ಪೇಂಟು ಬಳಿದಿದ್ದರು. ಪಕ್ಕದಲ್ಲೇ ಹೊಸ ಗ್ರಾನೈಟ್ ಹಲಗೆ, ಅದರ ಮೇಲೆ ಈಗಿನ ದಾನಿಗಳ ಹೆಸರು, ಮೊತ್ತ. ಕೋಪ ಬಂತು, ನಿಜ. ಆದರೆ ಆ ಹಲಗೆಯ ಹೆಸರುಗಳನ್ನು ಓದ್ತಾ ಹೋದಾಗ ಕೋಪ ಬೇರೆ ಕಡೆ ತಿರುಗಿತು. ‘ತಾಯಿಯವರ ಜ್ಞಾಪಕಾರ್ಥ’, ‘ಮಗಳ ಹೆಸರಿನಲ್ಲಿ’. ಇವರು ಶಾಸನ ಅಳಿಸಬೇಕು ಅಂತ ಕೊಟ್ಟವರಲ್ಲ. ಹಳೇ ಕಲ್ಲಿನಲ್ಲೂ ಯಾರದೋ ತಾಯಿಯ, ಯಾರದೋ ಅಣ್ಣನ ಹೆಸರಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು ‘ಪುಣ್ಯಾರ್ಥ’ ಅಂತ ಬರೆದುಕೊಂಡು ಮನೆಗೆ ಬಂದಿದ್ವಿ.

ಈಗ ನನ್ನ ಪಟ್ಟಿಯಲ್ಲಿ ‘ಉದ್ದೇಶ’ದ ಅಂಕಣ ತೆಗೆದುಹಾಕಿದ್ದೀನಿ. ಬದಲಿಗೆ ನಾಲ್ಕು ಅಂಕಣ: ಯಾರ ಹೆಸರಿನಲ್ಲಿ, ಏನು ಮತ್ತು ಎಷ್ಟು, ದೇವರಿಗೆ ಯಾರ ಹೆಸರು, ಯಾರ ಕಾವಲಿಗೆ. ತುಂಬೋದು ಕಷ್ಟ, ಬಹಳ ಮನೆಗಳು ಖಾಲಿ ಉಳೀತಿವೆ. ಉಳೀಲಿ. ನೀವು ಕಲ್ಲು ನೋಡಲು ಹೋದಾಗ ಫೋಟೋ ತೆಗೆದು ಬರೋ ಮುಂಚೆ, ಜಗಲಿ ಮೇಲೆ ಕೂತವರಿಗೆ ಆ ಕಲ್ಲಿನಲ್ಲಿ ಯಾರು, ಯಾರ ಹೆಸರಲ್ಲಿ, ಏನು ಕೊಟ್ಟಿದ್ದಾರೆ ಅಂತ ಅವರ ಮಾತಿನಲ್ಲೇ ಹೇಳಿ ಬನ್ನಿ.

ಚೌಳಹಿರಿಯೂರಿನ ಯಜಮಾನರಿಗೆ ಆವತ್ತು ನಾನು ಗಂಗರಾಜನ ವಿಷಯ ಹೇಳಿದೆ, ಅವನೂ ತಾಯಿಗಾಗಿ ಕಟ್ಟಿಸಿದ್ದು ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅದು ಇನ್ನೂ ಐತಾ?”

“ಐತೆ.”

“ಒಳ್ಳೇದಾಯ್ತು ಬಿಡಿ” ಅಂದು ಎದ್ದು, ಹೋಗೋ ಮುಂಚೆ ಫ್ಯಾನಿನ ಸ್ವಿಚ್ಚು ಆರಿಸಲು ಕೈ ಎತ್ತಿದವರು, ನಾನಿನ್ನೂ ಕೂತಿದ್ದೀನಿ ಅಂತ ನೋಡಿ, ಹಾಗೇ ಬಿಟ್ಟು ಹೋದರು.